ಕಣ್ಣಿನ ಆಪರೇಷನ್ ಆಗಿ ವರ್ಷಗಳಾದ ಮೇಲೆ: ಯಾವುದನ್ನು ನಂಬಬೇಕು, ಏನನ್ನು ಜೋಪಾನ ಮಾಡಬೇಕು?

"ಲೇಸರ್ ಮಾಡಿಸಿದರೆ ಹತ್ತು ವರ್ಷದಲ್ಲಿ ಕಣ್ಣು ಹೋಗುತ್ತೆ" ಎನ್ನುವುದು ಒಂದು ಬಗೆಯ ಫಾರ್ವರ್ಡ್. "ಹದಿನೈದು ನಿಮಿಷದ ಲೇಸರ್, ಜೀವನಪೂರ್ತಿ ಕನ್ನಡಕದಿಂದ ಮುಕ್ತಿ" ಎನ್ನುವುದು ಇನ್ನೊಂದು ಬಗೆ. "ಪೊರೆ ತೆಗೆಸಿದರೂ ಮತ್ತೆ ಬೆಳೆಯುತ್ತೆ, ಸುಮ್ಮನೆ ಯಾಕೆ ತೆಗೆಸಬೇಕು" ಎನ್ನುವುದು ಮೂರನೆಯದು. ಮೂರೂ ತಪ್ಪು. ಆದರೆ ಮೂರರೊಳಗೂ ಒಂದೊಂದು ಚೂರು ನಿಜ ಸೇರಿಕೊಂಡಿದೆ. ಅದಕ್ಕೇ ಜನ ನಂಬುತ್ತಾರೆ, ಮುಂದಕ್ಕೂ ಕಳಿಸುತ್ತಾರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಈಗ ಒಂದೇ ಮನೆಯಲ್ಲಿ ಎರಡು ಬಗೆಯ ಆಪರೇಷನ್ ಆದ ಕಣ್ಣುಗಳಿರುವುದು ಹೊಸ ವಿಷಯವೇನಲ್ಲ. ಅಜ್ಜಿಗೆ ಪೊರೆ ತೆಗೆದು ಲೆನ್ಸ್ ಹಾಕಿರುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗ ಕನ್ನಡಕ ಬೇಡವೆಂದು ಲೇಸರ್ ಮಾಡಿಸಿರುತ್ತಾನೆ. ಆಪರೇಷನ್ ಆದ ವಾರ ಊರೆಲ್ಲ ಬಂದು ವಿಚಾರಿಸುತ್ತದೆ. ಐದು, ಹತ್ತು, ಇಪ್ಪತ್ತು ವರ್ಷ ಕಳೆದ ಮೇಲೆ ಆ ಕಣ್ಣು ಹೇಗಿದೆ ಎಂದು ಕೇಳುವವರು ಕಡಿಮೆ. ಈ ಲೇಖನ ಆ ವರ್ಷಗಳ ಬಗ್ಗೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಒಂದೇ ಮಾತು: ಆಪರೇಷನ್ ಬದಲಿಸುವುದು ಕಣ್ಣಿನ ನಂಬರನ್ನು, ಕಣ್ಣಿನ ವಯಸ್ಸನ್ನಲ್ಲ. ಆದ್ದರಿಂದ ಆಪರೇಷನ್ ಆದ ಮೇಲೂ ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಆಪರೇಷನ್‌ನ ಹಳೆಯ ಕಾಗದಗಳನ್ನು ಜಮೀನಿನ ಪತ್ರದಂತೆ ಜೋಪಾನ ಮಾಡಿ.

ಲೇಸರ್ ಕಣ್ಣಿಗೆ ಏನು ಮಾಡುತ್ತದೆ?

ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 540 ಮೈಕ್ರಾನ್. ಮೈನಸ್ ನಂಬರ್ ಇರುವವರಲ್ಲಿ ದೂರದ ಬೆಳಕು ಅಕ್ಷಿಪಟಲಕ್ಕೆ ತಲುಪುವ ಮೊದಲೇ ಕೂಡಿಕೊಳ್ಳುತ್ತದೆ. ಕಾರ್ನಿಯಾದ ನಡುಭಾಗವನ್ನು ಕೊಂಚ ಸವರಿ ಚಪ್ಪಟೆ ಮಾಡಿದರೆ ಬೆಳಕು ಸರಿಯಾದ ಜಾಗಕ್ಕೆ ಬೀಳುತ್ತದೆ. ಒಂದು ನಂಬರ್ ಇಳಿಸಲು ಸುಮಾರು 12ರಿಂದ 15 ಮೈಕ್ರಾನ್ ಸವರಬೇಕು. ಮೈನಸ್ 5 ಇದ್ದವರಿಗೆ 60ರಿಂದ 75 ಮೈಕ್ರಾನ್. ಹೀಗೆ ಸವರಿದ್ದು ಮತ್ತೆ ಮೊದಲಿನಂತೆ ತುಂಬಿಕೊಳ್ಳುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅನೇಕ ವಿಷಯಗಳು ಇದರಿಂದಲೇ ಹುಟ್ಟುತ್ತವೆ.

ಮಾಡುವ ಬಗೆಗಳಲ್ಲಿ ವ್ಯತ್ಯಾಸವಿದೆ. ಲ್ಯಾಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ತೆಳುವಾದ ಮುಚ್ಚಳದಂತೆ ಎತ್ತಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಪಿಆರ್‌ಕೆ ವಿಧಾನದಲ್ಲಿ ಮುಚ್ಚಳವಿಲ್ಲ, ಮೇಲ್ಭಾಗದಿಂದಲೇ ಸವರುತ್ತಾರೆ. ಸ್ಮೈಲ್ ವಿಧಾನದಲ್ಲಿ ಲೇಸರ್‌ನಿಂದ ಒಳಗೇ ಒಂದು ತೆಳು ಬಿಲ್ಲೆ ಕತ್ತರಿಸಿ, ಸಣ್ಣ ಸೀಳಿನ ಮೂಲಕ ಹೊರಗೆ ತೆಗೆಯುತ್ತಾರೆ. ನಿಮಗೆ ಆಗಿರುವುದು ಯಾವುದು ಎಂದು ನಿಮಗೆ ಗೊತ್ತಿರಬೇಕು.

ಈ ತಂತ್ರದ ಮೂಲದಲ್ಲಿ ಭಾರತದಲ್ಲಿ ಹುಟ್ಟಿದ ವಿಜ್ಞಾನಿಯೊಬ್ಬರಿದ್ದಾರೆ. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ರಂಗಸ್ವಾಮಿ ಶ್ರೀನಿವಾಸನ್ ಅವರು, ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡಿನ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. ಸುತ್ತಲಿನ ಭಾಗ ಸುಡದೆ, ಬೇಕಾದಷ್ಟೇ ಭಾಗ ನಯವಾಗಿ ಕತ್ತರಿಸಿಹೋಗಿತ್ತು. ಅವರೂ ಸಹೋದ್ಯೋಗಿಗಳೂ ಕಂಡುಕೊಂಡ ಈ ಗುಣವೇ ಮುಂದೆ ಕಣ್ಣಿನ ಚಿಕಿತ್ಸೆಗೆ ದಾರಿಯಾಯಿತು. ನಂಬರ್ ಸರಿಪಡಿಸಲು ಈ ಲೇಸರ್ ಬಳಸುವುದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1995ರಲ್ಲಿ ಒಪ್ಪಿಗೆ ಕೊಟ್ಟಿತು. ಅಂದರೆ ಇದರ ಹಿಂದೆ ಮೂವತ್ತು ವರ್ಷಗಳ ಅನುಭವವಿದೆ.

"ಹತ್ತು ವರ್ಷದಲ್ಲಿ ಕಣ್ಣು ಹೋಗುತ್ತೆ": ಸುಳ್ಳು

ಹಾಗಿದ್ದಿದ್ದರೆ ಮೂವತ್ತು ವರ್ಷಗಳಲ್ಲಿ ಜಗತ್ತಿನಾದ್ಯಂತ ಲೇಸರ್ ಮಾಡಿಸಿದ ಕೋಟಿಗಟ್ಟಲೆ ಜನರ ಪಾಡು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಬಹುಪಾಲು ಜನ ಚೆನ್ನಾಗಿಯೇ ಇದ್ದಾರೆ.

ಇದರೊಳಗಿನ ಒಂದು ಚೂರು ನಿಜ ಇದು: ತೀರಾ ಕಡಿಮೆ ಜನರಲ್ಲಿ, ಸವರಿದ ಕಾರ್ನಿಯಾ ಒಳಗಿನ ಒತ್ತಡ ತಾಳದೆ ನಿಧಾನವಾಗಿ ಮುಂದಕ್ಕೆ ಉಬ್ಬುತ್ತದೆ. ಇದನ್ನು ವೈದ್ಯರು ಎಕ್ಟೇಸಿಯಾ ಎನ್ನುತ್ತಾರೆ. ಇದು ತಿಂಗಳುಗಳಲ್ಲಿ ಕಾಣಿಸಬಹುದು, ವರ್ಷಗಳ ಮೇಲೂ ಕಾಣಿಸಬಹುದು. ಕಾರ್ನಿಯಾ ಮೊದಲೇ ತೆಳುವಾಗಿದ್ದವರಿಗೆ, ಅದರ ಆಕಾರ ಮೊದಲೇ ಸೊಟ್ಟಗಿದ್ದವರಿಗೆ ಅಪಾಯ ಹೆಚ್ಚು. ಅದಕ್ಕೇ ಆಪರೇಷನ್‌ಗೆ ಮೊದಲು ಕಾರ್ನಿಯಾದ ದಪ್ಪ ಅಳೆದು, ಅದರ ಮೇಲ್ಮೈಯ ನಕ್ಷೆ ತೆಗೆಯುತ್ತಾರೆ. ಈ ಪರೀಕ್ಷೆ ಮಾಡಿ "ನಿಮಗೆ ಲೇಸರ್ ಬೇಡ" ಎಂದು ವೈದ್ಯರು ಹೇಳಿದರೆ ಬೇಸರಪಡಬೇಡಿ. ಅವರು ನಿಮ್ಮ ಕಣ್ಣು ಉಳಿಸಿದ್ದಾರೆ. "ಬೇಡ" ಎಂದವರನ್ನು ಬಿಟ್ಟು "ಮಾಡೋಣ" ಎನ್ನುವವರನ್ನು ಹುಡುಕಿಕೊಂಡು ಹೋಗಬೇಡಿ.

ಲೇಸರ್ ಆದವರು ಬಿಡಲೇಬೇಕಾದ ಅಭ್ಯಾಸ ಒಂದಿದೆ: ಕಣ್ಣು ಗಸಗಸ ಉಜ್ಜುವುದು. ತುರಿಕೆ ಇದ್ದರೆ ಅದಕ್ಕೆ ಔಷಧಿ ತೆಗೆದುಕೊಳ್ಳಿ. ವರ್ಷಗಳಾದ ಮೇಲೆ ಒಂದು ಕಣ್ಣಿನ ನಂಬರ್ ಬೇಗ ಬೇಗ ಏರಿದರೆ, ಅಕ್ಷರಗಳಿಗೆ ನೆರಳು ಬಂದಂತೆ ಕಂಡರೆ, ಹೊಸ ಕನ್ನಡಕ ಹಾಕಿಸಿ ಸುಮ್ಮನಾಗಬೇಡಿ. ಕಾರ್ನಿಯಾದ ನಕ್ಷೆ ತೆಗೆಸಿ. ಬೇಗ ಗೊತ್ತಾದರೆ ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆಯಿಂದ ಉಬ್ಬುವುದನ್ನು ಬಹುಮಟ್ಟಿಗೆ ತಡೆಯಬಹುದು.

"ಜೀವನಪೂರ್ತಿ ಕನ್ನಡಕ ಬೇಡ": ಅರ್ಧ ನಿಜ

ಇಪ್ಪತ್ತೈದನೇ ವಯಸ್ಸಿನಲ್ಲಿ ಲೇಸರ್ ಮಾಡಿಸಿಕೊಂಡವರು ಎಷ್ಟೋ ವರ್ಷ ದೂರದ ನೋಟಕ್ಕೆ ಕನ್ನಡಕವಿಲ್ಲದೆ ಇರಬಲ್ಲರು. ಆದರೆ ನಲವತ್ತು ದಾಟಿದ ಮೇಲೆ ಬರುವ ಚಾಳೀಸು ಯಾರನ್ನೂ ಬಿಡುವುದಿಲ್ಲ. ಚಾಳೀಸು ಬರುವುದು ಕಾರ್ನಿಯಾದಿಂದಲ್ಲ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಗಡುಸಾಗಿ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಲೇಸರ್ ಆ ಮಸೂರವನ್ನು ಮುಟ್ಟಿರುವುದೇ ಇಲ್ಲ.

ಮೈನಸ್ 3 ನಂಬರಿನವರು ನಲವತ್ತೈದರಲ್ಲಿ ಕನ್ನಡಕ ತೆಗೆದು ಪೇಪರ್ ಹತ್ತಿರ ಹಿಡಿದು ಆರಾಮಾಗಿ ಓದಬಲ್ಲರು. ಲೇಸರ್ ಮಾಡಿಸಿಕೊಂಡವರಿಗೆ ಆ ಅನುಕೂಲ ಇರುವುದಿಲ್ಲ, ಓದುವ ಕನ್ನಡಕ ಬೇಕಾಗುತ್ತದೆ. ಇದು ಆಪರೇಷನ್ ಕೆಟ್ಟಿದ್ದಲ್ಲ, ವಯಸ್ಸಿನ ಲೆಕ್ಕ. ಮೊದಲೇ ಹೇಳಿದ್ದರೆ ಯಾರಿಗೂ ಆಘಾತವಾಗುವುದಿಲ್ಲ.

ದೂರದ ನಂಬರ್ ಕೂಡ ಕೆಲವರಲ್ಲಿ ಸ್ವಲ್ಪ ಮರಳಿ ಬರುತ್ತದೆ. ಮೊದಲು ನಂಬರ್ ಹೆಚ್ಚಿದ್ದವರಲ್ಲಿ, ನಂಬರ್ ಇನ್ನೂ ಏರುತ್ತಿರುವಾಗಲೇ ಅವಸರಪಟ್ಟು ಮಾಡಿಸಿಕೊಂಡವರಲ್ಲಿ ಇದು ಹೆಚ್ಚು. ಅದಕ್ಕೇ ಹದಿನೆಂಟು ತುಂಬಿರಬೇಕು, ಕನಿಷ್ಠ ಒಂದು ವರ್ಷ ನಂಬರ್ ನಿಂತಿರಬೇಕು ಎನ್ನುತ್ತಾರೆ.

ಪೊಲೀಸ್, ಸೇನೆ, ರೈಲ್ವೆ ಕೆಲಸಕ್ಕೆ ತಯಾರಾಗುತ್ತಿರುವ ಮಕ್ಕಳಿಗೆ ಒಂದು ಕಿವಿಮಾತು. ಲೇಸರ್ ಆದ ಕಣ್ಣನ್ನು ಎಲ್ಲ ಹುದ್ದೆಗಳಿಗೂ ಒಪ್ಪುವುದಿಲ್ಲ. ಸೇನೆಯಲ್ಲಿ ಆಪರೇಷನ್ ಆದಾಗಿನ ವಯಸ್ಸು, ಆಮೇಲೆ ಕಳೆದ ಕಾಲ ಮುಂತಾದ ಷರತ್ತುಗಳಿವೆ. ಮೊದಲು ಆ ಹುದ್ದೆಯ ಅಧಿಸೂಚನೆ ಓದಿ, ಆಮೇಲೆ ದುಡ್ಡು ಕಟ್ಟಿ. ಮುಚ್ಚಿಟ್ಟರೂ ಕಾರ್ನಿಯಾದ ನಕ್ಷೆಯಲ್ಲಿ ಗೊತ್ತಾಗುತ್ತದೆ.

ಒಣಗಣ್ಣು ಮತ್ತು ರಾತ್ರಿಯ ದೀಪ

ಕಣ್ಣು ಒಣಗಿದಂತೆ, ಮರಳು ಬಿದ್ದಂತೆ ಅನಿಸುವುದು ಲೇಸರ್ ಆದವರು ಹೆಚ್ಚಾಗಿ ಹೇಳುವ ತೊಂದರೆ. ಕಾರ್ನಿಯಾದ ಸೂಕ್ಷ್ಮ ನರಗಳು ತುಂಡಾಗಿರುತ್ತವೆ. ಅವು ಮತ್ತೆ ಬೆಳೆಯಲು ತಿಂಗಳುಗಳು ಬೇಕು. ಇನ್ನೊಂದು ತೊಂದರೆ ರಾತ್ರಿ ದೀಪದ ಸುತ್ತ ಬಳೆ ಕಾಣುವುದು, ಬೆಳಕು ಚದುರುವುದು. ಹಗಲೆಲ್ಲ ಚೆನ್ನಾಗಿ ಕಾಣುವವರೂ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಎದುರು ಗಾಡಿಯ ಹೆಡ್‌ಲೈಟ್ ಬಿದ್ದಾಗ ಕಷ್ಟಪಡುವುದು ಇದರಿಂದಲೇ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ನಡೆಸಿದ ಅಧ್ಯಯನದ ಅಂಕಿಗಳು ಇಲ್ಲಿ ಉಪಯುಕ್ತ. ಮೊದಲು ಇಂಥ ಯಾವ ತೊಂದರೆಯೂ ಇಲ್ಲದವರಲ್ಲಿ ಶೇ. 46ರವರೆಗಿನ ಜನ, ಲ್ಯಾಸಿಕ್ ಆದ ಮೂರು ತಿಂಗಳಿಗೆ ಬಳೆ, ಚದುರುವ ಬೆಳಕಿನಂಥ ಒಂದಾದರೂ ಹೊಸ ತೊಂದರೆ ಹೇಳಿದರು. ಮೊದಲು ಒಣಗಣ್ಣು ಇಲ್ಲದವರಲ್ಲಿ ಶೇ. 28ರವರೆಗಿನ ಜನ ಒಣಗಣ್ಣಿನ ಲಕ್ಷಣ ಹೇಳಿದರು. ಅದೇ ಅಧ್ಯಯನದಲ್ಲಿ ಶೇ. 95ಕ್ಕಿಂತ ಹೆಚ್ಚು ಜನ ತಮ್ಮ ದೃಷ್ಟಿಯಿಂದ ತೃಪ್ತರಾಗಿದ್ದರು. ದಿನದ ಕೆಲಸಕ್ಕೆ ತುಂಬಾ ಅಡ್ಡಿಯಾಗುವಷ್ಟು ತೊಂದರೆ ಇದ್ದವರು ಶೇ. 1ಕ್ಕಿಂತ ಕಡಿಮೆ. ಹೆದರಿಸುವ ಫಾರ್ವರ್ಡ್ ಮೊದಲಿನ ಅಂಕಿಗಳನ್ನು ಮಾತ್ರ ಹೇಳುತ್ತದೆ, ಜಾಹೀರಾತು ಕೊನೆಯ ಅಂಕಿಗಳನ್ನು ಮಾತ್ರ ಹೇಳುತ್ತದೆ. ಎರಡೂ ಒಟ್ಟಿಗೆ ನಿಜ.

ವರ್ಷಗಳಾದರೂ ಒಣಗಣ್ಣು ಹೋಗದಿದ್ದರೆ "ಇನ್ನು ಹೀಗೇ" ಎಂದು ಕೂರಬೇಡಿ. ಅದಕ್ಕೆ ಚಿಕಿತ್ಸೆ ಇದೆ. ನಿರಂತರವಾಗಿ ನೋವಿರುವವರ ಮಾತನ್ನು ಮನೆಯವರು "ಎಲ್ಲ ಮನಸ್ಸಿನ ಭ್ರಮೆ" ಎಂದು ತಳ್ಳಿಹಾಕಬೇಡಿ. ಕೆಲವರಲ್ಲಿ ನರಗಳು ಸರಿಯಾಗಿ ಮಾಯದೆ, ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ನೋವು ಉಳಿಯುವುದುಂಟು.

ಯಾವ ಫಾರ್ವರ್ಡ್‌ನಲ್ಲೂ ಬಾರದ ಮೂರು ವಿಷಯ

ಒಂದು, ಕಣ್ಣಿನ ಒತ್ತಡ. ಸಾಮಾನ್ಯವಾಗಿ ಇದು 10ರಿಂದ 21ರ ನಡುವೆ ಇರುತ್ತದೆ. ಹೆಚ್ಚಾಗಿ, ದೃಷ್ಟಿ ನರ ನಿಧಾನವಾಗಿ ಸಾಯುವ ಕಾಯಿಲೆ ಗ್ಲಾಕೋಮಾ. ಒತ್ತಡ ಅಳೆಯುವ ಸಾಧನ ಕಾರ್ನಿಯಾವನ್ನು ಒತ್ತಿ ಲೆಕ್ಕ ಹಾಕುತ್ತದೆ. ಲೇಸರ್ ಆದ ಕಾರ್ನಿಯಾ ತೆಳುವಾಗಿರುವುದರಿಂದ ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ನಿಜವಾಗಿ 24 ಇರುವುದು 20 ಎಂದು ಕಾಣಬಹುದು. "ಎಲ್ಲ ನಾರ್ಮಲ್" ಎಂದು ಮನೆಗೆ ಕಳಿಸಿದ ಕಣ್ಣಿನಲ್ಲಿ ಕಾಯಿಲೆ ಸದ್ದಿಲ್ಲದೆ ಬೆಳೆಯಬಹುದು. ಆದ್ದರಿಂದ ಎಲ್ಲಿಗೆ ಹೋದರೂ ಮೊದಲು ಹೇಳಬೇಕಾದ ಮಾತು: "ನನಗೆ ಲೇಸರ್ ಆಗಿದೆ."

ಎರಡು, ಅಕ್ಷಿಪಟಲ. ಹೆಚ್ಚು ಮೈನಸ್ ಇರುವವರ ಕಣ್ಣುಗುಡ್ಡೆ ಉದ್ದವಾಗಿದ್ದು, ಹಿಂದಿನ ಅಕ್ಷಿಪಟಲ ಎಳೆದು ತೆಳುವಾಗಿರುತ್ತದೆ. ಲೇಸರ್ ಮುಂಭಾಗವನ್ನು ಮಾತ್ರ ಸರಿಮಾಡಿತು. ಕನ್ನಡಕ ಹೋಯಿತು, ಉದ್ದನೆಯ ಕಣ್ಣು ಹಾಗೇ ಇದೆ. ಅಕ್ಷಿಪಟಲ ಹರಿಯುವ, ಕಳಚುವ ಅಪಾಯವೂ ಹಾಗೇ ಇದೆ. ಹಠಾತ್ತನೆ ಮಿಂಚು ಹೊಡೆದಂತೆ ಕಂಡರೆ, ಕಪ್ಪು ಚುಕ್ಕೆಗಳು ರಾಶಿಯಾಗಿ ತೇಲಿದರೆ, ಒಂದು ಬದಿಯಿಂದ ಪರದೆ ಇಳಿದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮೂರು, ಮುಂದೆ ಬರುವ ಪೊರೆ. "ಲೇಸರ್ ಆದ ಕಣ್ಣಿಗೆ ಪೊರೆ ಆಪರೇಷನ್ ಆಗಲ್ಲ" ಎನ್ನುವುದು ಸುಳ್ಳು, ಆಗುತ್ತದೆ. ಆದರೆ ಒಳಗೆ ಹಾಕುವ ಲೆನ್ಸ್‌ನ ಪವರ್ ಲೆಕ್ಕ ಹಾಕುವಾಗ ಕಾರ್ನಿಯಾದ ಬಾಗು ಎಷ್ಟೆಂದು ತಿಳಿಯಬೇಕು. ಸಾಮಾನ್ಯ ಸೂತ್ರಗಳು ಸವರದ ಕಾರ್ನಿಯಾಕ್ಕೆ ಮಾಡಿದವು. ಮೈನಸ್ ನಂಬರಿಗೆ ಲೇಸರ್ ಆದ ಕಣ್ಣಿಗೆ ಅವನ್ನೇ ಬಳಸಿದರೆ ಬೇಕಾದ್ದಕ್ಕಿಂತ ಕಡಿಮೆ ಪವರಿನ ಲೆನ್ಸ್ ಬೀಳುತ್ತದೆ, ಆಪರೇಷನ್ ಚೆನ್ನಾಗಿ ಆದರೂ ಪ್ಲಸ್ ನಂಬರ್ ಉಳಿಯುತ್ತದೆ. ಇದಕ್ಕೆ ಬೇರೆ ಸೂತ್ರಗಳಿವೆ. ಲೇಸರ್‌ಗೆ ಮೊದಲಿನ ಅಳತೆಗಳು ಸಿಕ್ಕರೆ ಲೆಕ್ಕ ಇನ್ನಷ್ಟು ಗಟ್ಟಿಯಾಗುತ್ತದೆ. ಮೂವತ್ತು ವರ್ಷಗಳ ಮೇಲೆ ಆ ಆಸ್ಪತ್ರೆಯಲ್ಲಿ ಆ ಫೈಲ್ ಇರುತ್ತದೆ ಎಂದು ಯಾರೂ ಹೇಳಲಾರರು. ನಿಮ್ಮ ಹತ್ತಿರ ಇರಬೇಕು.

"ಪೊರೆ ಮತ್ತೆ ಬೆಳೆಯುತ್ತೆ": ಇಲ್ಲ, ಅದು ಬೇರೆ

ಈಗ ಅಜ್ಜಿಯ ಕಣ್ಣಿಗೆ ಬರೋಣ. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಐವತ್ತು ದಾಟಿದವರ ಕುರುಡುತನಕ್ಕೆ ಶೇ. 66.2ರಷ್ಟು ಕಾರಣ ತೆಗೆಸದೆ ಬಿಟ್ಟ ಪೊರೆ. ಅಂದರೆ ಪೊರೆ ತೆಗೆಸಬೇಡಿ ಎನ್ನುವ ಫಾರ್ವರ್ಡ್‌ನಿಂದ ಆಗುವ ಹಾನಿ ಸಣ್ಣದಲ್ಲ.

ಪೊರೆ ಎಂದರೆ ಕಣ್ಣಿನೊಳಗಿನ ಮಸೂರವೇ ಮಂಜಾಗುವುದು. ಆಪರೇಷನ್‌ನಲ್ಲಿ ಅದನ್ನು ತೆಗೆದು, ಅದು ಕೂತಿದ್ದ ತೆಳು ಚೀಲದೊಳಗೆ ಕೃತಕ ಲೆನ್ಸ್ ಇಡುತ್ತಾರೆ. ತೆಗೆದ ಮಸೂರ ಮತ್ತೆ ಬೆಳೆಯುವುದಿಲ್ಲ. ಆದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಆ ಚೀಲದ ಹಿಂಭಾಗ ಮಂಜಾಗುವುದು ಸಾಮಾನ್ಯ. ನೋಟ ಮೊದಲಿನಂತೆಯೇ ಮಸುಕಾಗುವುದರಿಂದ "ಪೊರೆ ಮತ್ತೆ ಬಂತು" ಅನಿಸುತ್ತದೆ. ಇದಕ್ಕೆ ಇನ್ನೊಂದು ಆಪರೇಷನ್ ಬೇಡ. ಯಾಗ್ ಲೇಸರ್‌ನಿಂದ ಚೀಲದಲ್ಲಿ ಸಣ್ಣ ಕಿಂಡಿ ಮಾಡುತ್ತಾರೆ. ಕೆಲವು ನಿಮಿಷದ ಕೆಲಸ, ಹೊಲಿಗೆ ಇಲ್ಲ, ಕಣ್ಣಿಗೆ ಪಟ್ಟಿ ಇಲ್ಲ. ಇದು ತಿಳಿಯದೆ ಎಷ್ಟೋ ಹಿರಿಯರು ವರ್ಷಗಟ್ಟಲೆ ಮಂಜಿನಲ್ಲೇ ಕೂತುಬಿಡುತ್ತಾರೆ.

ಮಸುಕಾದದ್ದೆಲ್ಲ ಇದೇ ಅಂತಲೂ ತಿಳಿಯಬೇಡಿ. ಸಕ್ಕರೆ ಕಾಯಿಲೆ ಅಕ್ಷಿಪಟಲವನ್ನು ಕೆಡಿಸುತ್ತಿರಬಹುದು, ಗ್ಲಾಕೋಮಾ ಇರಬಹುದು. ಅವು ಕಳೆದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಯಾವುದು ಎಂದು ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ.

ಹಳೆಯ ತಲೆಮಾರಿನ ಕೆಲವರು ಈಗಲೂ ಸೋಡಾಬುಡ್ಡಿ ಕನ್ನಡಕ ಹಾಕುತ್ತಾರೆ. ಕೃತಕ ಲೆನ್ಸನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲು ಹಾಕಿದರೂ ಅದು ನಮ್ಮ ಹಳ್ಳಿಗಳಿಗೆ ಬರಲು ದಶಕಗಳೇ ಬೇಕಾದವು. ಅಷ್ಟರಲ್ಲಿ ಕ್ಯಾಂಪುಗಳಲ್ಲಿ ಮಸೂರ ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಇಂಥ ಕ್ಯಾಂಪುಗಳಿಂದಲೇ ಮನೆಮಾತಾದವರು. 1968ರಲ್ಲಿ ತಿರುಪತಿಯಲ್ಲಿ ಅವರು ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆ ಸೇರಿತು. ನಿಮ್ಮ ಮನೆಯಲ್ಲಿ ಲೆನ್ಸ್ ಇಲ್ಲದೆ ಆಪರೇಷನ್ ಆದ ಹಿರಿಯರಿದ್ದರೆ ಒಮ್ಮೆ ತೋರಿಸಿ. ಕೆಲವರಿಗೆ ಈಗಲೂ ಲೆನ್ಸ್ ಹಾಕಲು ಸಾಧ್ಯ.

ಕಬ್ಬಿನ ಗರಿ, ಒಕ್ಕಣೆಯ ಧೂಳು, ಮೆಡಿಕಲ್ ಸ್ಟೋರಿನ ಡ್ರಾಪ್ಸ್

ನಮ್ಮ ಕಡೆಯ ಕೆಲಸಗಳು ಕಣ್ಣಿಗೆ ಮೆತ್ತನೆಯವಲ್ಲ. ಪಾಂಡವಪುರ, ಕೆ.ಆರ್. ಪೇಟೆಯ ಕಬ್ಬಿನ ಗದ್ದೆಯಲ್ಲಿ ಗರಿ ಕಣ್ಣಿಗೆ ಗೀರುತ್ತದೆ. ನಾಗಮಂಗಲದ ಕಡೆ ರಾಗಿ ಒಕ್ಕುವಾಗ, ಶ್ರೀರಂಗಪಟ್ಟಣದ ಕಡೆ ಭತ್ತ ಬಡಿಯುವಾಗ ಧೂಳು, ಹೊಟ್ಟು ಹಾರುತ್ತದೆ. ಆಲೆಮನೆಯ ಹೊಗೆ ಒಣಗಣ್ಣನ್ನು ಕೆರಳಿಸುತ್ತದೆ. ಲ್ಯಾಸಿಕ್ ಆದವರಲ್ಲಿ ಬಲವಾದ ಪೆಟ್ಟು ಬಿದ್ದಾಗ ಮುಚ್ಚಳ ಸರಿದದ್ದು, ಅದೂ ವರ್ಷಗಳ ಮೇಲೆ ಸರಿದದ್ದು ಉಂಟು. ಅಪರೂಪ, ಆದರೆ ತಡಮಾಡುವಂತಿಲ್ಲ. ಗದ್ದೆಗೆ, ಕಣಕ್ಕೆ ಹೋಗುವಾಗ ಒಂದು ಸಾದಾ ರಕ್ಷಣಾ ಕನ್ನಡಕ ಹಾಕಿಕೊಳ್ಳಿ.

ಗರಿ ಗೀರಿದ ಕಣ್ಣಿಗೆ ಬೂಸಿನ ಸೋಂಕು ತಗುಲಬಹುದು. ಆಗ ಮೆಡಿಕಲ್ ಸ್ಟೋರಿನಲ್ಲಿ "ಕೆಂಪಾಗಿದೆ, ಡ್ರಾಪ್ಸ್ ಕೊಡಿ" ಎಂದು ಕೇಳಿ ತಂದ ಔಷಧಿಯಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಹುಣ್ಣಾಗಿ ಕಣ್ಣೇ ಹೋಗಬಹುದು. ಆಪರೇಷನ್ ಸಮಯದಲ್ಲಿ ಕೊಟ್ಟಿದ್ದ ಡ್ರಾಪ್ಸನ್ನು ವರ್ಷದ ಮೇಲೆ ಮತ್ತೆ ತಂದು ಹಾಕಿಕೊಳ್ಳುವುದೂ ಅಪಾಯ. ಸ್ಟೀರಾಯ್ಡನ್ನು ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ. ಲೇಸರ್ ಆದ ಕಣ್ಣಿನಲ್ಲಿ ಆ ಏರಿಕೆ ಅಳತೆಗೂ ಸರಿಯಾಗಿ ಸಿಗುವುದಿಲ್ಲ.

"ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಿ" ಎನ್ನುವುದು ಮಾತಿಗೆ ಚೆಂದ. ನಿಜವಾಗಿ ಹರಳೆಣ್ಣೆ, ಜೇನುತುಪ್ಪ, ಈರುಳ್ಳಿ ರಸ, ತಾಯಿಹಾಲು ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಆಪರೇಷನ್ ಆದ ಕಣ್ಣಿಗಂತೂ ಖಂಡಿತ ಬೇಡ.

ಆಪರೇಷನ್ ಆದವರು ನೇತ್ರದಾನ ಮಾಡಬಹುದೇ?

ಮಾಡಬಹುದು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದ ಮೇಲೆ ಈ ಪ್ರಶ್ನೆ ಮನೆಮನೆಯಲ್ಲೂ ಬಂದಿದೆ. ದಾನದಲ್ಲಿ ಬಳಸುವುದು ಕಾರ್ನಿಯಾವನ್ನು, ಮಸೂರವನ್ನಲ್ಲ. ಆದ್ದರಿಂದ ಪೊರೆ ಆಪರೇಷನ್ ಆದದ್ದು ಅಡ್ಡಿಯಲ್ಲ. ಪುನೀತ್ ಅವರ ಕಾರ್ನಿಯಾಗಳನ್ನು ಪದರಗಳಾಗಿ ಬಿಡಿಸಿದ್ದರಿಂದ ನಾಲ್ವರಿಗೆ ದೃಷ್ಟಿ ಬಂತು. ಲೇಸರ್ ಆದವರ ಕಾರ್ನಿಯಾದ ಮುಂಭಾಗ ಕಸಿಗೆ ಆಗದಿದ್ದರೂ ಹಿಂಭಾಗದ ಪದರ ಉಪಯೋಗಕ್ಕೆ ಬರಬಹುದು. ಕೊನೆಯ ತೀರ್ಮಾನ ನೇತ್ರ ಬ್ಯಾಂಕಿನದು. ತೀರಿಕೊಂಡ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕಾದ್ದರಿಂದ ಕೂಡಲೇ ಅವರಿಗೆ ತಿಳಿಸಬೇಕು.

ಎಲ್ಲಿಗೆ ಹೋಗುವುದು?

ವರ್ಷಕ್ಕೊಮ್ಮೆಯ ತಪಾಸಣೆಗೆ ದೂರದ ಊರೇ ಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ಶುರುಮಾಡಿ. ಹೆಚ್ಚಿನ ಪರೀಕ್ಷೆಗೆ ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆ ಇವೆ. ನೋವು, ಕೆಂಪು, ನೋಟ ಕಡಿಮೆಯಾಗುವುದು ಮೂರೂ ಒಟ್ಟಿಗೆ ಬಂದರೆ "ನಾಳೆ ನೋಡೋಣ" ಬೇಡ. ಆಪರೇಷನ್ ಆಗಿ ಎಷ್ಟು ವರ್ಷವಾಗಿದ್ದರೂ ಸರಿ, ತಕ್ಷಣ ಹೋಗಿ.

ಇದನ್ನು ಫಾರ್ವರ್ಡ್ ಮಾಡಿ

ಇವತ್ತೇ ಮನೆಯಲ್ಲಿ ಹಳೆಯ ಫೈಲ್ ಹುಡುಕಿ. ಕೆಳಗಿನ ವಿವರಗಳ ಫೋಟೊ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ, ಮನೆಯ ಇನ್ನೊಬ್ಬರಿಗೂ ಕಳಿಸಿ.

ಲೇಸರ್ ಆದವರು:
- ಆಪರೇಷನ್ ಆದ ದಿನ ಮತ್ತು ವಿಧಾನ: ಲ್ಯಾಸಿಕ್, ಪಿಆರ್‌ಕೆ ಅಥವಾ ಸ್ಮೈಲ್
- ಅದಕ್ಕೆ ಮೊದಲು ಎರಡೂ ಕಣ್ಣಿನ ನಂಬರ್
- ಮೊದಲಿನ ಕಾರ್ನಿಯಾದ ದಪ್ಪ, ಬಾಗಿನ ಅಳತೆ ಮತ್ತು ನಕ್ಷೆ
- ಆಪರೇಷನ್ ಆಗಿ ಕೆಲವು ತಿಂಗಳ ಮೇಲೆ ನಿಂತ ನಂಬರ್

ಪೊರೆ ಆಪರೇಷನ್ ಆದವರು:
- ಯಾವ ಕಣ್ಣಿಗೆ, ಯಾವ ದಿನ ಆಯಿತು
- ಒಳಗಿನ ಲೆನ್ಸ್‌ನ ಪವರ್ ಮತ್ತು ಹೆಸರು ಇರುವ ಕಾರ್ಡ್ ಅಥವಾ ಸ್ಟಿಕ್ಕರ್
- ಸಕ್ಕರೆ ಕಾಯಿಲೆ, ಗ್ಲಾಕೋಮಾ ಇದ್ದರೆ ಅದರ ಚೀಟಿ

ಕಾಗದ ಸಿಗದಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ದಾಖಲೆಯ ಪ್ರತಿ ಕೇಳಿ. ತಡವಾದಷ್ಟೂ ಸಿಗುವುದು ಕಷ್ಟ. ಈಗಷ್ಟೇ ಮಾಡಿಸಿಕೊಳ್ಳಲು ಹೊರಟವರು ಡಿಸ್ಚಾರ್ಜ್ ಆಗುವ ದಿನವೇ ಇವೆಲ್ಲವನ್ನೂ ಕೇಳಿ ತೆಗೆದುಕೊಂಡು ಬನ್ನಿ.

ಕಣ್ಣಿನ ಬಗ್ಗೆ ಬರುವ ಹತ್ತು ಫಾರ್ವರ್ಡ್‌ಗಳಿಗಿಂತ ನಿಮ್ಮದೇ ಕಣ್ಣಿನ ಈ ಒಂದು ಚೀಟಿ ದೊಡ್ಡದು. ಮುಂದೊಂದು ದಿನ ವೈದ್ಯರು ಕೇಳುವುದು ಇದನ್ನೇ.